ಮಗುವಿನ ಮುಖ ಕಾಗದವಲ್ಲ

ವಾರದ ಐದು ದಿನಗಳನ್ನು ಕಚೇರಿಯ ಲೆಕ್ಕಪತ್ರಗಳ ನಡುವೆ ಕಳೆಯುವ ನಾನು, ರಜಾ ದಿನಗಳಲ್ಲಿ ಹುಟ್ಟುಹಬ್ಬದ ಕೂಟಗಳಿಗೆ ಹೋಗಿ ಮಕ್ಕಳ ಮುಖದ ಮೇಲೆ ಹುಲಿ, ಚಿಟ್ಟೆ, ಕಾಮನಬಿಲ್ಲುಗಳನ್ನು ಬರೆಯುತ್ತೇನೆ. ಚಿಕ್ಕಂದಿನಿಂದಲೂ ಚಿತ್ರ ಬಿಡಿಸುತ್ತಿದ್ದುದರಿಂದ ಈ ಉಪವೃತ್ತಿ ಸುಲಭವಾಗಿ ಒಲಿಯುತ್ತದೆಂದು ನಂಬಿದ್ದೆ. ಆದರೆ ಕಾಗದ ಬೆವರುವುದಿಲ್ಲ, ಕಚಗುಳಿಯಾಯಿತೆಂದು ಮುಖ ತಿರುಗಿಸುವುದಿಲ್ಲ, ತನ್ನ ಸರದಿ ಯಾವಾಗ ಬರುವುದೆಂದು ಕಾಯುತ್ತಾ ನಿಲ್ಲುವುದೂ ಇಲ್ಲ.

ಮೊದಲ ಕೂಟದಲ್ಲಿ ಒಬ್ಬಳ ಚಿಟ್ಟೆಗೇ 15 ನಿಮಿಷ ತೆಗೆದುಕೊಂಡೆ. ಚಿಟ್ಟೆ ಚೆನ್ನಾಗಿಯೇ ಬಂದಿತ್ತು. ಆದರೆ ಎಲ್ಲರೂ ಹೊರಡುವ ಹೊತ್ತಿಗೆ ಮೂವರು ಮಕ್ಕಳು ಬರಿಮುಖದಲ್ಲಿಯೇ ಉಳಿದಿದ್ದರು, ಅವರಲ್ಲಿ ಒಬ್ಬ ಆರಂಭದಿಂದಲೂ ನನ್ನ ಪಕ್ಕದಲ್ಲೇ ನಿಂತು ನೋಡುತ್ತಿದ್ದವನು. ಅವನ ಮುಖ ಇಂದಿಗೂ ಮರೆತಿಲ್ಲ. ಈಗ ಒಂದು ಮಗುವಿಗೆ ನಾಲ್ಕೈದು ನಿಮಿಷ, ಗಂಟೆಗೆ ಹೆಚ್ಚೆಂದರೆ 12 ಮಕ್ಕಳು ಎಂಬ ಲೆಕ್ಕದಲ್ಲಿ, ಎಷ್ಟು ಮಕ್ಕಳು ಬರುತ್ತಾರೆಂದು ಮೊದಲೇ ಕೇಳಿ ತಿಳಿದುಕೊಂಡೇ ಕೆಲಸ ಒಪ್ಪಿಕೊಳ್ಳುತ್ತೇನೆ. ಸಂಭಾವನೆಯನ್ನೂ ಗಂಟೆಯ ಲೆಕ್ಕದಲ್ಲಿಯೇ ಮಾತಾಡುತ್ತೇನೆ.

ಹುಲಿಯ ಮುಖವನ್ನು ನಾನು ಬರೆಯುವ ಕ್ರಮ ಹೀಗಿದೆ. ಮುಖದ ನಡುವೆ ಹಳದಿ, ಅಂಚುಗಳತ್ತ ಕಿತ್ತಳೆ, ಹುಬ್ಬಿನ ಮೇಲೂ ಬಾಯಿಯ ಸುತ್ತಲೂ ಬಿಳಿ ಬಣ್ಣವನ್ನು ಸ್ಪಂಜಿನಿಂದ ಒತ್ತಿ ಹಚ್ಚುತ್ತೇನೆ. ಸ್ಪಂಜಿನಲ್ಲಿ ನೀರು ಹೆಚ್ಚಾದರೆ ಬಣ್ಣ ಗೆರೆಗೆರೆಯಾಗಿ ಇಳಿಯುತ್ತದೆ, ಆದ್ದರಿಂದ ಹಿಂಡಿ ತೇವವಷ್ಟೇ ಉಳಿಸಿಕೊಳ್ಳಬೇಕು. ಈ ಪದರ ಒಣಗಿದ ಮೇಲೆಯೇ ಕಪ್ಪು ಪಟ್ಟೆಗಳು, ಇಲ್ಲವಾದರೆ ಎರಡೂ ಬೆರೆತು ಕೆಸರಿನಂತಾಗುತ್ತದೆ. ಪಟ್ಟೆಯನ್ನು ಕೂದಲಿನ ಅಂಚಿನಲ್ಲಿ ಕುಂಚ ಒತ್ತಿ ಆರಂಭಿಸಿ, ಒಳಗೆ ಬರುತ್ತಾ ಮೆಲ್ಲಗೆ ಮೇಲೆತ್ತಿದರೆ ತುದಿ ತಾನಾಗಿಯೇ ಚೂಪಾಗುತ್ತದೆ. ಈ ಒಂದು ಕೈಚಳಕಕ್ಕಾಗಿ ಎಷ್ಟೋ ರಾತ್ರಿ ನನ್ನ ಮುಂಗೈಯ ಮೇಲೆಯೇ ಅಭ್ಯಾಸ ಮಾಡಿದ್ದೇನೆ. ಒಂದು ಕೆನ್ನೆಯನ್ನು ಮುಗಿಸಿ ಇನ್ನೊಂದಕ್ಕೆ ಹೋಗುವುದು ನನಗೆ ಸರಿಯೆನಿಸುವುದಿಲ್ಲ. ಎರಡೂ ಬದಿಗೆ ಒಂದೊಂದೇ ಗೆರೆ ಸೇರಿಸುತ್ತಾ ಹೋದರೆ, ಮಗು ಬೇಸರಗೊಂಡು ನಡುವೆ ಎದ್ದರೂ ಅದರ ಮುಖ ಅರ್ಧಕ್ಕೆ ಬಿಟ್ಟಂತೆ ಕಾಣುವುದಿಲ್ಲ.

ಇಷ್ಟೆಲ್ಲ ಕಲಿತರೂ, ಏನನ್ನು ಹಚ್ಚುತ್ತೇವೆ ಎಂಬುದು ಹೇಗೆ ಹಚ್ಚುತ್ತೇವೆ ಎಂಬುದಕ್ಕಿಂತ ಮುಖ್ಯವೆಂದು ನಾನು ದೃಢವಾಗಿ ನಂಬುತ್ತೇನೆ. ಡಬ್ಬಿಯ ಮೇಲೆ ವಿಷರಹಿತ ಎಂದು ಬರೆದಿರುವ ಅಕ್ರಿಲಿಕ್ ಬಣ್ಣ ಕಾಗದಕ್ಕೆ, ಬಟ್ಟೆಗೆ ತಯಾರಾದದ್ದು. ಆ ಮಾತಿನಿಂದ ಅದು ಚರ್ಮಕ್ಕೆ ಹೊಂದುತ್ತದೆಂದು ಅರ್ಥವಾಗುವುದಿಲ್ಲ, ಅದು ಕೆರಳಿಕೆಯನ್ನೂ ಅಲರ್ಜಿಯನ್ನೂ ಉಂಟುಮಾಡಬಹುದು. ನೀರು ಸೇರಿಸಿ ಬಳಸುವ, ಚರ್ಮಕ್ಕೆಂದೇ ತಯಾರಿಸಿದ ಸೌಂದರ್ಯವರ್ಧಕ ದರ್ಜೆಯ ಬಣ್ಣವನ್ನೇ ಕೊಳ್ಳಬೇಕು. ಗ್ಲಿಟರ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಕರಕುಶಲ ಕೆಲಸಕ್ಕೆ ಮಾರುವ ಗ್ಲಿಟರಿನ ಒರಟು ಅಂಚುಗಳು ಕಣ್ಣಿನ ಪಾರದರ್ಶಕ ಪಟಲವನ್ನು ಗೀರಬಲ್ಲವು. ಚರ್ಮಕ್ಕೆಂದು ತಯಾರಾದ ನಯವಾದ ಪುಡಿಯನ್ನೇ ಬಳಸಿದರೂ ಅದನ್ನು ಕಣ್ಣಿನ ಹತ್ತಿರ ಹಚ್ಚುವುದಿಲ್ಲ. ಅಲರ್ಜಿಯಿರುವ ಮಕ್ಕಳಿದ್ದರೆ ಒಂದು ದಿನ ಮೊದಲೇ ತೋಳಿನ ಒಳಭಾಗದಲ್ಲಿ ಒಂದು ಚುಕ್ಕೆ ಹಚ್ಚಿ ನೋಡುವಂತೆ ಪೋಷಕರಿಗೆ ತಿಳಿಸುತ್ತೇನೆ. ಮೂರು ವರ್ಷದೊಳಗಿನ ಮಕ್ಕಳು ಕೈಯಿಂದ ಕಣ್ಣುಜ್ಜಿಕೊಳ್ಳುತ್ತಲೇ ಇರುವುದರಿಂದ ಅವರ ಮುಖಕ್ಕೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದೇನೆ.

ಒಬ್ಬ ಮಗುವಿಗೆ ಒಂದು ಸ್ಪಂಜು, ಅದನ್ನು ಇನ್ನೊಬ್ಬರಿಗೆ ಬಳಸುವಂತಿಲ್ಲ. ಹೀಗಾಗಿ 20 ಮಕ್ಕಳಿದ್ದರೆ ನನ್ನ ಚೀಲದಲ್ಲಿ 25 ಸ್ಪಂಜುಗಳಿರುತ್ತವೆ. ಮನೆಗೆ ಬಂದ ಮೇಲೆ ಅವುಗಳನ್ನೂ ಕುಂಚಗಳನ್ನೂ ಸಾಬೂನಿನಿಂದ ತೊಳೆದು ಚೆನ್ನಾಗಿ ಒಣಗಿಸುತ್ತೇನೆ. ಕಣ್ಣು ಕೆಂಪಾಗಿರುವ, ತುಟಿಯ ಬಳಿ ಹುಣ್ಣಿರುವ, ಚರ್ಮದ ಮೇಲೆ ಗುಳ್ಳೆಯೆದ್ದಿರುವ ಮಗು ಬಂದಾಗ ಬಣ್ಣ ಹಚ್ಚಲಾಗದು ಎಂದು ಹೇಳುವುದು ಈ ಕೆಲಸದ ಅತಿ ಕಠಿಣ ಭಾಗ. ಎಲ್ಲರೆದುರು ಹೇಳಿದರೆ ಮಗು ಕುಗ್ಗುತ್ತದೆ. ಪೋಷಕರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ತಿಳಿಸಿ, ಮಗು ಕೇಳಿದ ಅದೇ ಹುಲಿಯನ್ನು ದಪ್ಪ ಕಾಗದದ ಮೇಲೆ ಬರೆದುಕೊಡುತ್ತೇನೆ. ಅದಕ್ಕೆಂದೇ ಚೀಲದಲ್ಲಿ ಒಂದಷ್ಟು ಬಿಳಿ ಕಾರ್ಡುಗಳನ್ನು ಇಟ್ಟುಕೊಂಡಿರುತ್ತೇನೆ.

ಕೆಲವು ಮಕ್ಕಳಿಗೆ ಮುಖ ಮುಟ್ಟಿಸಿಕೊಳ್ಳುವುದೇ ಇಷ್ಟವಿರುವುದಿಲ್ಲ. ಕಳೆದ ಕೂಟದಲ್ಲಿ ಹಿರಿಯರು ಎಷ್ಟು ಒತ್ತಾಯಿಸಿದರೂ ಒಬ್ಬ ಪುಟ್ಟ ಹುಡುಗಿ ತಲೆ ತಗ್ಗಿಸಿಯೇ ಕುಳಿತಿದ್ದಳು. ಒತ್ತಾಯ ಬೇಡವೆಂದು ಅವರನ್ನು ವಿನಂತಿಸಿಕೊಂಡು, ಕುಂಚವನ್ನು ಅವಳ ಕೈಗೇ ಕೊಟ್ಟೆ. ಬಹಳ ಹೊತ್ತು ಯೋಚಿಸಿ ಅವಳು ನನ್ನ ಅಂಗೈ ಮೇಲೊಂದು ಕೆಂಪು ಚುಕ್ಕೆ ಇಟ್ಟಳು, ನಂತರ ತನ್ನ ಕೈಯನ್ನು ಮುಂದೆ ಚಾಚಿದಳು. ಅಲ್ಲಿ ಒಂದು ಸಣ್ಣ ಜೀರುಂಡೆಯನ್ನು ಬರೆದು ನಿಲ್ಲಿಸಿದೆ.