ಡೈನಮೋ ಸರಿಯಾಗಿಯೇ ಇತ್ತು

ಮೂವತ್ತು ವರ್ಷದಿಂದ ಗಾಡಿಗಳಿಗೆ ಕರೆಂಟ್ ಹುಟ್ಟಿಸುವ ಡೈನಮೋಗಳ ವೈಂಡಿಂಗ್ ಮಾಡಿಕೊಂಡು ಬಂದವರಿಗೆ, ‘ಭಾಯಿ, ನಿಮ್ಮ ಟೆಸ್ಟ್ ಬೆಂಚೇ ಸರಿಯಿಲ್ಲ, ಮೊದಲು ಅದನ್ನು ರಿಪೇರಿ ಮಾಡಿಸಿಕೊಳ್ಳಿ’ ಎಂದು ನಾನು ಫೋನಿನಲ್ಲಿ ಹೇಳಿದ್ದೆ. ಅವರು ಉತ್ತರಿಸುವ ಮೊದಲೇ ಫೋನ್ ಇಟ್ಟಿದ್ದೆ. ಎರಡು ವರ್ಷವಾಯಿತು. ನೆನಪಾದಾಗಲೆಲ್ಲ ಮೈ ಹಿಡಿಯಾಗುತ್ತದೆ.

ಗಾಡಿ ಹದಿನೇಳು ಸೀಟಿನ ಟೆಂಪೊ, ಮೈಸೂರಿನದೇ. ಮಾಲೀಕರು ಅದರ ತಲೆಯ ಮೇಲೆ ಎಸಿ ಕೂರಿಸಿ, ಟಿವಿ, ಸೌಂಡ್, ಸೀಟಿಗೊಂದು ಮೊಬೈಲ್ ಚಾರ್ಜರ್, ಒಳಗೆಲ್ಲ ಎಲ್‌ಇಡಿ ಪಟ್ಟಿ ಹಾಕಿಸಿದ್ದರು. ಗಾಡಿಯೊಂದಿಗೆ ಬಂದ 65 ಆಂಪಿಯರ್ ಡೈನಮೋಗೆ ಅಷ್ಟನ್ನೂ ಎಳೆಯುವ ಶಕ್ತಿ ಇರಲಿಲ್ಲ. ಹಾಗಾಗಿ 120 ಆಂಪಿಯರ್‌ನದನ್ನು ತಂದುಕೊಟ್ಟು, ಕೂರಿಸಿಕೊಡಿ ಎಂದರು. ಡೈನಮೋವನ್ನು ಎಂಜಿನ್‌ಗೆ ಹಿಡಿದಿಡುವ ಹಳೆಯ ಬ್ರಾಕೆಟ್ ಹೊಂದಲಿಲ್ಲ. ಲೇತ್‌ನಲ್ಲಿ ದಪ್ಪ ಪ್ಲೇಟಿನಿಂದ ಹೊಸದು ಮಾಡಿಸಿದೆ. ತುಕ್ಕು ಹಿಡಿಯಬಾರದು ಎಂದು ಅದನ್ನು ಪೌಡರ್ ಕೋಟಿಂಗ್‌ಗೆ, ಅಂದರೆ ಪುಡಿಬಣ್ಣ ಬೇಯಿಸಿ ಕೂರಿಸಲು, ಕಳುಹಿಸಿದವನೂ ನಾನೇ. ಡೈನಮೋದಿಂದ ಕರೆಂಟ್ ಹೊರಬರುವ ಬಿ ಪ್ಲಸ್ ತುದಿಯಿಂದ ಬ್ಯಾಟರಿಗೆ 25 ಚದರ ಮಿಲಿಮೀಟರ್‌ನ ಹೊಸ ಕೇಬಲ್, ನಡುವೆ ದೊಡ್ಡ ಫ್ಯೂಸ್, ಎರಡೂ ತುದಿಗೆ ಗಟ್ಟಿಯಾಗಿ ಒತ್ತಿದ ಲಗ್. ಗಾಡಿ ಸ್ಟಾರ್ಟ್ ಮಾಡಿ ಬ್ಯಾಟರಿಗೆ ಮೀಟರ್ ಹಿಡಿದೆ, 14.1 ವೋಲ್ಟ್. ಎಸಿ ಹಾಕಿ ನೋಡಲಿಲ್ಲ, ಹೆಡ್‌ಲೈಟ್ ಹಾಕಿ ನೋಡಲಿಲ್ಲ. ಗಾಡಿ ಬಿಟ್ಟುಕೊಟ್ಟೆ.

ಹತ್ತು ದಿನಕ್ಕೆ ವಾಪಸ್ ಬಂತು. ರಾತ್ರಿ ಎಸಿ ಹಾಕಿಕೊಂಡು ಹೋದರೆ ಹೆಡ್‌ಲೈಟ್ ಮಂಕಾಗುತ್ತದೆ, ಬೆಳಿಗ್ಗೆ ಬ್ಯಾಟರಿ ಎತ್ತುವುದಿಲ್ಲ. ಡೈನಮೋದ ವೋಲ್ಟೇಜ್ ಹತೋಟಿಯಲ್ಲಿಡುವ ಕಟೌಟ್ ಹೋಗಿದೆ ಎಂದು ಬದಲಿಸಿದೆ. ಮತ್ತೆ ಬಂತು. ಹೊಸ ಡೈನಮೋದ ಪುಲ್ಲಿ ಹಳೆಯದಕ್ಕಿಂತ ದೊಡ್ಡದಿತ್ತು. ಪುಲ್ಲಿ ದೊಡ್ಡದಾದರೆ ಡೈನಮೋ ನಿಧಾನ ತಿರುಗುತ್ತದೆ, ಐಡ್ಲಿಂಗ್‌ನಲ್ಲಿ ಕರೆಂಟ್ ಕಡಿಮೆ ಬರುತ್ತದೆ. ಅದೇ ಇರಬೇಕು ಎಂದು ಚಿಕ್ಕ ಪುಲ್ಲಿ ಹಾಕಿ ಬೆಲ್ಟ್ ಬಿಗಿ ಮಾಡಿದೆ. ಮತ್ತೆ ಬಂತು. ಕೊನೆಗೆ ಡೈನಮೋ ಬಿಚ್ಚಿ ಭಾಯಿಯ ಬಳಿ ಕಳುಹಿಸಿದೆ. ಅವರು ಬೆಂಚಿಗೆ ಹಾಕಿ, ಲೋಡ್ ಕೊಟ್ಟು ನೋಡಿ, ‘14.2 ನಿಲ್ಲುತ್ತಿದೆ. ಇದರಲ್ಲಿ ಏನೂ ದೋಷವಿಲ್ಲ, ಗಾಡಿಯಲ್ಲಿ ನೋಡಿ’ ಎಂದರು. ಆಗಲೇ ನಾನು ಆ ಮಾತು ಆಡಿದ್ದು.

ಗಾಡಿಯಲ್ಲಿ ನೋಡಿ ಎಂದವರು ಸರಿಯಾದ ಜಾಗವನ್ನೇ ತೋರಿಸಿದ್ದರು. ನನ್ನ ಕಣ್ಣು ಮಾತ್ರ ಡೈನಮೋ ಬಿಟ್ಟು ಅಲುಗಲಿಲ್ಲ.

ಅದು ಶಬರಿಮಲೆ ಯಾತ್ರೆಯ ಕಾಲ. ಆ ದಿನ ಸಂಜೆ ಗಾಡಿ ಹೊರಡಬೇಕಿತ್ತು. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ಕ್ಕೆ ಮುಚ್ಚಿದರೆ ಬೆಳಿಗ್ಗೆ 6ರವರೆಗೆ ತೆರೆಯುವುದಿಲ್ಲ. ಗುಂಡ್ಲುಪೇಟೆ ದಾಟಿ ಮದ್ದೂರು ಚೆಕ್‌ಪೋಸ್ಟ್‌ಗೆ ಅಷ್ಟರೊಳಗೆ ಸೇರಬೇಕೆಂದರೆ ಮೈಸೂರನ್ನು 6.30ಕ್ಕಾದರೂ ಬಿಡಬೇಕು. ನಾಲ್ಕೂವರೆಗೆಲ್ಲ ಸ್ವಾಮಿಗಳು ಇರುಮುಡಿ ಹೊತ್ತು ಶೆಡ್ಡಿಗೇ ಬಂದರು. ನಮ್ಮ ಗ್ರೀಸು ನೆಲದ ಮೇಲೆ ಇರುಮುಡಿ ಇಡುವಂತಿಲ್ಲ. ಹುಡುಗ ಓಡಿಹೋಗಿ ಬೆಂಚನ್ನು ತೊಳೆದು, ಹೊಸ ಕಾಗದ ಹಾಸಿಕೊಟ್ಟ. ಗುರುಸ್ವಾಮಿಗಳು ಸಿಟ್ಟು ಮಾಡಲಿಲ್ಲ. ಅರ್ಧ ಗಂಟೆಗೊಮ್ಮೆ ಬಂದು, ‘ಆಗುತ್ತದೆಯಾ ಸ್ವಾಮಿ?’ ಎಂದು ಕೇಳಿ ಹೋಗುತ್ತಿದ್ದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಶೆಡ್ಡಿನ ಯಜಮಾನರು, ಇನ್ನೊಂದು ಡೈನಮೋ ತರಿಸಿ ಹಾಕು, ಆಮೇಲೆ ಲೆಕ್ಕ ನೋಡೋಣ ಎನ್ನುತ್ತಿದ್ದರು. ನಾಲ್ಕು ವರ್ಷದಿಂದ ಗಾಡಿಯ ಕೇಬಲ್‌ನ ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಕೊಡಿಸಿ ಎಂದು ಕೇಳುತ್ತಿದ್ದೇನೆ. ಅವರು ತಂದುಕೊಟ್ಟಿದ್ದು ಮನೆ ವೈರಿಂಗ್‌ನವರು ಬಳಸುವ, ಎಸಿ ಕರೆಂಟ್ ಮಾತ್ರ ಅಳೆಯುವ ಮೀಟರ್. ಗಾಡಿಯ ಕೇಬಲ್‌ಗೆ ಹಾಕಿದರೆ ಸೊನ್ನೆ ತೋರಿಸುತ್ತದೆ. ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಕಣ್ಣಾರೆ ಕಾಣಲು ಆಗದೆ, ಒಂದೊಂದು ಲೋಡಿನ ವ್ಯಾಟ್ ಕೂಡಿಸಿ ಅಂದಾಜು ಕಟ್ಟಬೇಕು. ಎಲ್ಲ ಹಾಕಿದರೆ ಸುಮಾರು 75 ಆಂಪಿಯರ್ ಎಂದು ಹಾಗೆಯೇ ಲೆಕ್ಕ ಹಾಕಿದ್ದೆ. ಮಲ್ಟಿಮೀಟರ್ ಲೀಡ್‌ಗಳೂ ಮೊಣಕೈ ಉದ್ದದವು. ಆ ದಿನ ಕಾಪಾಡಿದ್ದು ಮಾತ್ರ ಆ ಗಿಡ್ಡ ಲೀಡ್‌ಗಳೇ.

ಎಸಿ, ಹೆಡ್‌ಲೈಟ್, ಟಿವಿ ಎಲ್ಲ ಹಾಕಿಸಿ, ಎಂಜಿನ್ ನಿಮಿಷಕ್ಕೆ 1500 ಸುತ್ತಿಗೆ ಏರಿಸಿ ನಿಲ್ಲಿಸಲು ಚಾಲಕರಿಗೆ ಹೇಳಿದೆ. ಬ್ಯಾಟರಿಯಲ್ಲಿ 12.6. ಎಂಜಿನ್ ನಿಂತಾಗ ತುಂಬಿದ ಬ್ಯಾಟರಿ ತೋರಿಸುವ ಅಂಕಿ ಅದು. ಅಂದರೆ ಚಾರ್ಜಿಂಗ್ ಇಲ್ಲವೇ ಇಲ್ಲ. ಕೆಂಪು ಲೀಡನ್ನು ನಾನು ಬಿ ಪ್ಲಸ್‌ಗೆ ಹಿಡಿದೆ, ಕಪ್ಪನ್ನು ಬ್ಯಾಟರಿ ನೆಗೆಟಿವ್‌ಗೆ ಹಿಡಿ ಎಂದು ಹುಡುಗನಿಗೆ ಕೊಟ್ಟೆ. ಮೀಟರ್ 14.2 ತೋರಿಸಿತು. ತಲೆ ಎತ್ತಿ ನೋಡಿದರೆ, ಲೀಡ್ ಎಟುಕದೆ ಅವನು ಅದನ್ನು ಡೈನಮೋದ ಮೈಗೇ ಒತ್ತಿ ಹಿಡಿದಿದ್ದ.

‘ಬ್ಯಾಟರಿಗೆ ಹಿಡಿ ಎಂದೆ’ ಎಂದು ಗದರಿದೆ.

ಅವನು ಒಂದು ತುಂಡು ವೈರ್ ಸೇರಿಸಿ ಬ್ಯಾಟರಿಗೆ ಮುಟ್ಟಿಸಿದ. 12.9.

ಒಂದೆರಡು ನಿಮಿಷ ನಾನು ಮಾತಾಡಲಿಲ್ಲ. ಕೆಂಪು ಲೀಡ್ ಹಿಡಿದ ಕೈ ಅಲ್ಲಿಯೇ ಇತ್ತು. ಬದಲಾದದ್ದು ಕಪ್ಪು ಲೀಡಿನ ಜಾಗ ಒಂದೇ. ಕೆಂಪನ್ನು ತೆಗೆದು ಡೈನಮೋದ ಮೈಗೆ ಇಟ್ಟೆ, ಕಪ್ಪು ಬ್ಯಾಟರಿ ನೆಗೆಟಿವ್‌ನಲ್ಲೇ ಇರಲಿ ಎಂದೆ. ಎರಡೂ ಅರ್ಥ್, ಅಂದರೆ ಕರೆಂಟ್ ತಿರುಗಿ ಬರುವ ನೆಗೆಟಿವ್ ಕಡೆ. ನಡುವೆ ಹೆಚ್ಚೆಂದರೆ 0.1, 0.2 ಇರಬೇಕು. 1.3 ವೋಲ್ಟ್ ಇತ್ತು.

ಕಟೌಟ್ ಅಳೆಯುವುದು ಡೈನಮೋದ ಬಿ ಪ್ಲಸ್‌ಗೂ ಡೈನಮೋದ ಮೈಗೂ ನಡುವಿನ ವೋಲ್ಟೇಜ್. ಅಲ್ಲಿ 14.2 ಬಂದರೆ ಅದು ಸುಮ್ಮನಾಗುತ್ತದೆ. ಪಾಸಿಟಿವ್ ಕೇಬಲ್‌ನಲ್ಲಿ 0.3, ಅರ್ಥ್ ದಾರಿಯಲ್ಲಿ 1.3 ಕಳೆದು ಬ್ಯಾಟರಿಗೆ ಸಿಗುತ್ತಿದ್ದುದು 12.6. ಹೋಗುವ ಕರೆಂಟಿಗೆ ಹೆದ್ದಾರಿ ಮಾಡಿದ್ದೆ. ಅಷ್ಟೇ ಕರೆಂಟ್ ತಿರುಗಿ ಬರುವುದು ಬ್ರಾಕೆಟ್‌ನ ಮೂಲಕ, ಆ ಬ್ರಾಕೆಟ್‌ಗೆ ನಾನು ಕರೆಂಟ್ ಹಾಯದ ದಪ್ಪ ಪೌಡರ್ ಕೋಟಿಂಗ್ ಹೊದಿಸಿದ್ದೆ. ಬೋಲ್ಟಿನ ತಿರುಪು ಗೆರೆಗಳು ಅಲ್ಲಲ್ಲಿ ಕಚ್ಚಿದ ಕಡೆ ಮಾತ್ರ ದಾರಿ. ಖಾಲಿ ಗಾಡಿಯ ನಾಲ್ಕೈದು ಆಂಪಿಯರ್‌ಗೆ ಅದು ಸಾಕಾಗಿ, ಮೊದಲ ದಿನ 14.1 ತೋರಿಸಿತ್ತು. ಭಾಯಿಯ ಬೆಂಚಿನಲ್ಲಿ ಕ್ಲ್ಯಾಂಪ್ ನೇರವಾಗಿ ಡೈನಮೋದ ಮೈ ಕಚ್ಚುತ್ತದೆ, ನನ್ನ ಬ್ರಾಕೆಟ್ ಅಲ್ಲಿ ಇರಲೇ ಇಲ್ಲ.

ಟಾರ್ಚ್ ಹಾಕಿ ಬಗ್ಗಿ ನೋಡಿದೆ. ಕೆಳಗಿನ ಬೋಲ್ಟಿನ ತಲೆಯ ಸುತ್ತ ಕಪ್ಪು ಬಣ್ಣ ಕಂದಿ, ಸಾಸಿವೆ ಗಾತ್ರದ ಗುಳ್ಳೆಗಳು ಎದ್ದಿದ್ದವು. 75 ಆಂಪಿಯರ್‌ಗೆ 1.3 ವೋಲ್ಟ್ ಎಂದರೆ ನೂರಕ್ಕೆ ಹತ್ತಿರದ ವ್ಯಾಟ್. ಒಂದು ಹೆಡ್‌ಲೈಟ್ ಬಲ್ಬಿಗಿಂತ ಹೆಚ್ಚಿನ ಬಿಸಿ ಆ ಜಾಗದಲ್ಲಿ ಇಷ್ಟು ದಿನ ಉರಿದಿತ್ತು. ಮೂರು ಸಲ ಬಿಚ್ಚಿ ಮೂರು ಸಲ ಕೂರಿಸಿದವನು ನಾನು. ಆ ಗುಳ್ಳೆಗಳ ಮೇಲೆ ಸ್ಪ್ಯಾನರ್ ಇಟ್ಟು ತಿರುಗಿಸಿದ್ದೆ.

ಜಂಪರ್ ಕೇಬಲ್‌ನ ಒಂದು ತುದಿಯನ್ನು ಡೈನಮೋದ ಮೈಗೆ, ಇನ್ನೊಂದನ್ನು ಬ್ಯಾಟರಿ ನೆಗೆಟಿವ್‌ಗೆ ಕಚ್ಚಿಸಿದೆ. ಎಸಿಯ ಬ್ಲೋವರ್ ಸದ್ದು ಒಮ್ಮೆಗೇ ಏರಿತು. ಎದುರಿನ ಗೋಡೆಯ ಮೇಲೆ ಬಿದ್ದಿದ್ದ ಹಳದಿ ಬೆಳಕು ಬೆಳ್ಳಗಾಯಿತು. ಮೀಟರ್ ನೋಡುವ ಮೊದಲೇ ಗುರುಸ್ವಾಮಿಗಳು ‘ಸ್ವಾಮಿಯೇ ಶರಣಂ ಅಯ್ಯಪ್ಪ’ ಎಂದರು. ಎಲ್ಲರೂ ಶರಣು ಕೂಗಿದರು.

ಬಾಕಿ ಕೆಲಸಕ್ಕೆ ಮುಕ್ಕಾಲು ಗಂಟೆ. ಬ್ರಾಕೆಟ್ ಕೂರುವ ಎರಡೂ ಮುಖಗಳನ್ನು ಲೋಹ ಹೊಳೆಯುವವರೆಗೆ ಅರದಿಂದ ಉಜ್ಜಿ, ಸ್ಟಾರ್ ವಾಷರ್ ಹಾಕಿದೆ. ಡೈನಮೋದ ಮೈಯಿಂದ ನೇರವಾಗಿ ಬ್ಯಾಟರಿ ನೆಗೆಟಿವ್‌ಗೆ 25ರದೇ ಇನ್ನೊಂದು ಕೇಬಲ್ ಎಳೆದೆ. ಎಲ್ಲ ಲೋಡಿನಲ್ಲಿ ಬ್ಯಾಟರಿಗೆ 13.8. ಗಾಡಿ ಶೆಡ್ ಬಿಟ್ಟಾಗ 6.20. ಎಂಟೂಕಾಲಿಗೆ ಚೆಕ್‌ಪೋಸ್ಟ್ ದಾಟಿದೆವು ಎಂದು ಚಾಲಕರು ಫೋನ್ ಮಾಡುವವರೆಗೆ ನಾನು ಮನೆಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಭಾಯಿಯ ಅಂಗಡಿಗೆ ಹೋದೆ. ಸುಟ್ಟ ಆರ್ಮೇಚರ್‌ನಿಂದ ತಂತಿ ಕೀಳುತ್ತಾ ಕೂತಿದ್ದರು. ನಡೆದದ್ದನ್ನು ಹೇಳಿ, ತಪ್ಪಾಯಿತು ಎಂದೆ. ಕೈಯ ಕೆಲಸ ನಿಲ್ಲಿಸದೆ, ‘ಬ್ರಾಕೆಟ್‌ಗೆ ಬಣ್ಣ ಯಾರು ಹೊಡೆಸಿದ್ದು?’ ಎಂದು ಕೇಳಿದರು.

‘ನಾನೇ, ಭಾಯಿ.’

ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿ, ಟೀ ತರಲು ಹುಡುಗನನ್ನು ಕರೆದರು.