ಉದ್ಯಮಬಾಗದಲ್ಲಿ ನಾಲ್ಕು ವಾರ

ಕಾಲೇಜಿನ ಕಿರಿಯರು ಈಚೆಗೆ ಮೇಲಿಂದ ಮೇಲೆ ಕೇಳುತ್ತಿರುವುದರಿಂದ, ನನಗೆ ಮೊದಲ ಇಂಟರ್ನ್‌ಶಿಪ್ ಸಿಕ್ಕ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಓದಿದ್ದು ಬೆಳಗಾವಿಯಲ್ಲಿ, ಮೆಕ್ಯಾನಿಕಲ್ ವಿಭಾಗದಲ್ಲಿ. ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮಿನವರಾದ, ಅಂದರೆ ಆ ವರ್ಷದ ಪಠ್ಯಕ್ರಮದವರಾದ, ನಮಗೆ ಆರನೇ ಸೆಮಿಸ್ಟರಿನ ನಂತರದ ರಜೆಗಳಲ್ಲಿ 4 ವಾರಗಳ ಇಂಟರ್ನ್‌ಶಿಪ್ ಕಡ್ಡಾಯವಾಗಿತ್ತು. ಹುಡುಕಿಕೊಳ್ಳುವ ಹೊಣೆ ಮಾತ್ರ ನಮ್ಮದೇ.

ಮೊದಲ ಒಂದೂವರೆ ತಿಂಗಳು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕಂಪನಿಯ ಹೆಸರನ್ನಷ್ಟೇ ಬದಲಿಸಿ, ಒಂದೇ ಪತ್ರವನ್ನು ಬೆಂಗಳೂರು, ಪುಣೆಗಳ ಅರವತ್ತು ವಿಳಾಸಗಳಿಗೆ ಕಳಿಸಿದೆ. ಉತ್ತರ ಬಂದದ್ದು ಎರಡು. ನಾನು ಹೆಸರು ಬದಲಿಸುವುದನ್ನೇ ಮರೆತಿದ್ದೇನೆಂದು ಒಬ್ಬರು ಸೌಜನ್ಯದಿಂದಲೇ ತಿಳಿಸಿದ್ದರು. ಇನ್ನೊಂದು ಉತ್ತರ ಒಂದು ತರಬೇತಿ ಸಂಸ್ಥೆಯದು: ನಾಲ್ಕು ಸಾವಿರ ರೂಪಾಯಿ ಕಟ್ಟಿದರೆ ಪ್ರಮಾಣಪತ್ರವನ್ನೂ ವರದಿಯನ್ನೂ ಅವರೇ ಕೊಡುತ್ತಾರೆ, ನಾವು ಹಾಜರಾಗಬೇಕಾಗಿಲ್ಲ. ತರಗತಿಯ ಹಲವರು ಕಟ್ಟಿದರು. ನಾನು ಕಟ್ಟದೆ ಇದ್ದದ್ದು ಆದರ್ಶದಿಂದಲ್ಲ, ಅಪ್ಪನ ಬಳಿ ಅಷ್ಟು ಹಣ ಕೇಳುವ ಧೈರ್ಯವಿಲ್ಲದೆ.

(2024ರ ಅಕ್ಟೋಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗ್ಗೆಯೂ ಕಿರಿಯರು ವಿಚಾರಿಸುತ್ತಾರೆ. ಆರಂಭದ ನಿಯಮಗಳಲ್ಲಿ, ಪೂರ್ಣಾವಧಿ ತರಗತಿಗಳಲ್ಲಿ ಓದುತ್ತಿದ್ದವರಿಗೆ ಅದರಲ್ಲಿ ಅವಕಾಶವಿರಲಿಲ್ಲ.)

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಖಾನಾಪುರ ರಸ್ತೆಯ ಉದ್ಯಮಬಾಗದಲ್ಲಿ ಲೋಹ ಎರಕ ಹೊಯ್ಯುವ ಫೌಂಡ್ರಿ, ಮಷೀನ್ ಶಾಪ್‌ಗಳು ಸಾಲುಸಾಲಾಗಿದ್ದರೂ, ದಿನವೂ ಅದರ ಮುಂದೆಯೇ ಬಸ್ಸಿನಲ್ಲಿ ಓಡಾಡುತ್ತಿದ್ದ ನನಗೆ ಅಲ್ಲಿ ಇಳಿದು ಕೇಳಬೇಕೆಂದು ಹೊಳೆದಿರಲಿಲ್ಲ. ಕೊನೆಗೆ ಇಳಿದಾಗ ಮೊದಲ ಆರು ಗೇಟುಗಳಲ್ಲಿ ಕಾವಲುಗಾರರನ್ನು ದಾಟಲಾಗಲಿಲ್ಲ. ಇದನ್ನು ನಮ್ಮ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಅವರಿಗೆ ಹೇಳಿಕೊಂಡಾಗ ಅವರು ಮಾಲೀಕರ ಕಷ್ಟವನ್ನು ವಿವರಿಸಿದರು. ಹುಡುಗನಿಗೆ ಪೆಟ್ಟಾದರೆ ಯಾರು ಹೊಣೆ, ಅವನಿಗೆ ಕಲಿಸುತ್ತ ಆಪರೇಟರ್ ನಿಂತರೆ ಅಂದಿನ ಉತ್ಪಾದನೆಯ ಗತಿಯೇನು ಎಂಬ ಎರಡೇ ಚಿಂತೆ ಅವರಿಗಿರುತ್ತದಂತೆ. ನನ್ನ ರೆಸ್ಯೂಮಿನಲ್ಲಿ ಇವೆರಡಕ್ಕೂ ಉತ್ತರವಿರಲಿಲ್ಲ; ಶಾಲೆಯ ಪ್ರಬಂಧ ಸ್ಪರ್ಧೆಯ ಬಹುಮಾನವಿತ್ತು.

ಅಂದು ರಾತ್ರಿ ಅರ್ಧ ಪುಟದ ಹೊಸ ಪತ್ರ ಬರೆದೆ. ಯಂತ್ರಭಾಗಗಳ ಡ್ರಾಯಿಂಗ್ ಓದಲು ಬರುತ್ತದೆ, ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಮತ್ತು ಮೈಕ್ರೋಮೀಟರ್ ಬಳಸಬಲ್ಲೆ, ಇನ್‌ಸ್ಪೆಕ್ಷನ್ ವರದಿಗಳನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸಬಲ್ಲೆ, ಸೇಫ್ಟಿ ಶೂ ನನ್ನದೇ ಇದೆ. ಇದರ ಜೊತೆಗೆ ಕಾಲೇಜಿನ ಪತ್ರ, ಅಪಘಾತ ವಿಮೆಯ ಪ್ರತಿ. ಒಂಬತ್ತನೆಯ ಗೇಟಿನೊಳಗಿದ್ದ ಮಾಲೀಕರು ಪತ್ರವನ್ನು ಪೂರ್ತಿ ಓದಲಿಲ್ಲ. ಮೇಜಿನ ಮೇಲಿದ್ದ ಶಾಫ್ಟನ್ನೂ (ಯಂತ್ರದ ದುಂಡನೆಯ ದಂಡ) ಮೈಕ್ರೋಮೀಟರನ್ನೂ ನನ್ನತ್ತ ಸರಿಸಿ, "ಎಷ್ಟೈತಿ ನೋಡಿ ಹೇಳು" ಎಂದರು. ನಾನು ಹೇಳಿದ ಅಳತೆ ಸರಿಯಾಗಿತ್ತು. ಸೋಮವಾರದಿಂದ ಬರಲು ಹೇಳಿದರು. ಸ್ಟೈಪೆಂಡ್ ಇರಲಿಲ್ಲ, ಎರಡು ಹೊತ್ತು ಚಹಾ ಇತ್ತು.

ಅಳೆಯಲು ಬರುತ್ತದೆಂಬ ಜಂಬ ಎರಡನೆಯ ದಿನವೇ ಇಳಿಯಿತು. ಕಂಪ್ಯೂಟರ್ ನಿಯಂತ್ರಿತ ಕಡೆತದ ಯಂತ್ರವಾದ ಸಿಎನ್‌ಸಿ ಲೇತ್‌ನಿಂದ ಆಗಷ್ಟೇ ಇಳಿದ ಶಾಫ್ಟಿನ ವ್ಯಾಸ 49.984 ಮತ್ತು 50.000 ಮಿಲಿಮೀಟರ್‌ಗಳ ನಡುವೆ ಇರಬೇಕಿತ್ತು. ನನ್ನ ಮೈಕ್ರೋಮೀಟರ್ 49.99 ತೋರಿಸಿದ್ದರಿಂದ ಪಾಸ್ ಎಂದು ಬರೆದೆ. ಪಕ್ಕದಲ್ಲಿದ್ದ ಆಪರೇಟರ್ ಕಾಕಾ ಅದನ್ನು ಅಂಗೈಯಲ್ಲಿ ಹಿಡಿದು ನೋಡಿ, "ಬಿಸಿ ಐತಲ್ಲೋ, ಆರಲಿ ತಡಿ" ಎಂದು ಬದಿಗಿಟ್ಟರು. ಚಹಾ ಕುಡಿದು ಬಂದು ಅಳೆದಾಗ 49.97. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಹಿಗ್ಗುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. 50 ಮಿಲಿಮೀಟರ್ ವ್ಯಾಸಕ್ಕೆ, 30 ಡಿಗ್ರಿ ವ್ಯತ್ಯಾಸಕ್ಕೆ, ಅದು 17 ಮೈಕ್ರಾನ್ ಆಗುತ್ತದೆ. ಅಲ್ಲಿಗೆ ಇಡೀ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಬಿಟ್ಟಿದ್ದ 16 ಮೈಕ್ರಾನ್ ಅಂತರ, ಮುಗಿಯಿತು. ಕಾಕಾ ಲೇತ್‌ನ ಆಫ್‌ಸೆಟ್ (ಉಳಿಯ ಸ್ಥಾನದ ಹೊಂದಾಣಿಕೆ) ತಿದ್ದಿದರು. ನಾನು ಪಾಸ್ ಎಂದು ಬರೆದಿದ್ದ ಶಾಫ್ಟ್ ರಿಜೆಕ್ಟ್ ಡಬ್ಬಿಗೆ ಹೋಯಿತು.

ಅಲ್ಲಿಂದ ಮುಂದೆ ಪ್ರತಿ ರೀಡಿಂಗಿನ ಎದುರು, ಯಂತ್ರದಿಂದ ಇಳಿದ ಎಷ್ಟು ಹೊತ್ತಿಗೆ ಅಳೆದದ್ದೆಂದು ಬರೆಯತೊಡಗಿದೆ. ಇಂಟರ್ನ್‌ಶಿಪ್ ಕುರಿತ ವೈವಾದಲ್ಲಿ (ಮೌಖಿಕ ಪರೀಕ್ಷೆ) ಪರೀಕ್ಷಕರು ಕೇಳಿದ್ದು ಆ ಒಂದು ಕಾಲಮಿನ ಬಗ್ಗೆ ಮಾತ್ರ.

ಈ ರಜೆಗೂ ಇಬ್ಬರನ್ನು ತೆಗೆದುಕೊಳ್ಳುವುದಾಗಿ ಮಾಲೀಕರು ಹೇಳಿದ್ದಾರೆ. ಹೋಗುವವರು ಮಧ್ಯಾಹ್ನ ಮೂರರ ಮೇಲೆ ಹೋಗಿ; ಬೆಳಿಗ್ಗೆ ಅವರಿಗೆ ತಲೆ ಎತ್ತಲೂ ಪುರಸೊತ್ತಿರುವುದಿಲ್ಲ.