ಒಂದೇ ಲೋಗೊ, ಎರಡು ಕೊಟೇಶನ್

ಸರ್ಜಾಪುರ ರಸ್ತೆಯ ಒಂದು ದೊಡ್ಡ ಅಪಾರ್ಟ್‌ಮೆಂಟ್. ನೆಲಮಹಡಿಯ ಫ್ಲಾಟ್‌ಗಳಿಗೆಲ್ಲ ಗೆದ್ದಲು. ಬಾಗಿಲ ಚೌಕಟ್ಟನ್ನು ಬೆರಳಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು, ಮರದೊಳಗೆ ಬರೀ ಮಣ್ಣು. ಇನ್‌ಸ್ಪೆಕ್ಷನ್ ಮಾಡಿದ್ದು ನಾನೇ. ಪಿನ್‌ಕೋಡ್ ನಮ್ಮದು, ಹಾಗಾಗಿ ಕೆಲಸವೂ ನಮ್ಮದೇ ಅಂತ ನಂಬಿಕೊಂಡು ಕಮಿಟಿ ಮೀಟಿಂಗ್‌ಗೆ ಹೋದೆ.

ಪೆಸ್ಟ್ ಕಂಟ್ರೋಲ್, ಡೀಪ್ ಕ್ಲೀನಿಂಗ್ ಮಾಡುವ ಒಂದು ಫ್ರಾಂಚೈಸಿಯಲ್ಲಿ ಆಪರೇಷನ್ಸ್ ನೋಡಿಕೊಳ್ಳುವುದು ನನ್ನ ಕೆಲಸ. ಹೆಸರು, ಲೋಗೊ ಕಂಪನಿಯದು, ನಮಗೆ ಕೊಟ್ಟ ಪಿನ್‌ಕೋಡ್‌ಗಳಲ್ಲಿ ಕೆಲಸ ಮಾಡುವುದು ನಾವು. ಬ್ರ್ಯಾಂಡ್ ಹೆಸರು ಬೇಡ.

ಖಜಾಂಚಿ ಮೇಜಿನ ಮೇಲೆ ಮೂರು ಕೊಟೇಶನ್ ಹರಡಿದರು. ಒಂದು ನಮ್ಮದು. ಒಂದು ಲೋಕಲ್ ಪಾರ್ಟಿಯದು. ಮೂರನೆಯದರ ಮೇಲೂ ನಮ್ಮದೇ ಲೋಗೊ.

"ಸಾರ್, ಇವೆರಡೂ ನಿಮ್ಮ ಕಂಪನಿಯದೇ ಅಲ್ವಾ? ನಿಮ್ಮದು ಚದರಡಿಗೆ ಎಂಟು ರೂಪಾಯಿ, ಇದು ಐದು. ಯಾವುದನ್ನ ನಂಬೋದು?"

ನೋಡಿದರೆ ಅದು ಹೆಡ್ ಆಫೀಸಿನ ಕೀ ಅಕೌಂಟ್ಸ್ ಟೀಮ್, ಅಂದರೆ ದೊಡ್ಡ ಗ್ರಾಹಕರನ್ನು ನೋಡಿಕೊಳ್ಳುವವರು, ಕಳಿಸಿದ್ದು. "ತಪ್ಪಾಗಿ ಬಂದಿರಬೇಕು, ವಾಪಸ್ ತಗೊಳ್ತಾರೆ" ಅಂದೆ. ಹೊರಗೆ ಬಂದು ಏರಿಯಾ ಮ್ಯಾನೇಜರ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಕಟ್ ಮಾಡಿದರು. ಒಳಗೆ ಬಂದು ಕೂತರೆ ಎಲ್ಲರ ಕಣ್ಣೂ ನನ್ನ ಮೇಲೆ.

ಕೆಲಸ ವಿವರಿಸಿದೆ. ಗೋಡೆ ಮತ್ತು ನೆಲ ಸೇರುವ ಕಡೆ 12 ಎಂಎಂ ತೂತು, 300 ಎಂಎಂಗೆ, ಅಂದರೆ ಸುಮಾರು ಒಂದಡಿಗೆ, ಒಂದು. ಗೆದ್ದಲಿನ ಔಷಧಿ ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ, ಲೀಟರ್ ನೀರಿಗೆ 2.1 ಎಂಎಲ್. ಕಟ್ಟಡಗಳ ಗೆದ್ದಲು ತಡೆಗೆ ಇರುವ ಭಾರತೀಯ ಮಾನದಂಡ ಐಎಸ್ 6313ರ ಮೂರನೇ ಭಾಗವನ್ನೂ ಹೇಳಿದೆ. ಅಧ್ಯಕ್ಷೆ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ಅವರೂ ಅದನ್ನೇ ಮಾಡ್ತಾರಲ್ವಾ?"

ಇದಕ್ಕೆ ಏನು ಹೇಳುವುದು? ಐದು ರೂಪಾಯಿಗೆ ಆ ಕೆಲಸ ಸರಿಯಾಗಿ ಆಗಲ್ಲ ಅಂತ ನನಗೆ ಗೊತ್ತು. ಒಂದೋ ತೂತು ದೂರ ದೂರ ಹೊಡೆಯಬೇಕು, ಇಲ್ಲ ಔಷಧಿ ತೆಳು ಮಾಡಬೇಕು. ಅದನ್ನು ಬಾಯಿಬಿಟ್ಟು ಹೇಳಿದರೆ ನನ್ನ ಅಂಗಿ ಮೇಲಿರುವ ಹೆಸರಿಗೇ ಮಸಿ. ಹೇಳದಿದ್ದರೆ ಕೆಲಸ ಹೋಯಿತು. ನಾನು ಸುಮ್ಮನಾದೆ. ಕೆಲಸ ಐದು ರೂಪಾಯಿಯವರಿಗೆ ಹೋಯಿತು.

ಸಂಜೆ ಏರಿಯಾ ಮ್ಯಾನೇಜರ್ ಫೋನ್ ಮಾಡಿದರು. "ಅಗ್ರಿಮೆಂಟ್ ಓದಿ ಸಾರ್." ಓದಿದೆವು. ಟೆರಿಟರಿ ನಮ್ಮದೇ, ನಿಜ. ಆದರೆ ಒಂದಕ್ಕಿಂತ ಹೆಚ್ಚು ಊರಲ್ಲಿ ಕೆಲಸ ಮಾಡುವ ಗ್ರಾಹಕರೆಲ್ಲ ಕಂಪನಿಗೆ ಸೇರಿದವರು. ಈ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ನೋಡುವ ಫೆಸಿಲಿಟಿ ಕಂಪನಿ ಹಲವು ಊರುಗಳಲ್ಲಿದೆ. ಅಲ್ಲಿಗೆ ಮುಗಿಯಿತು.

ಐದು ರೂಪಾಯಿ ಅವರಿಗೆ ಹೇಗೆ ಗಿಟ್ಟುತ್ತೆ ಅಂತ ನಮ್ಮ ಫ್ರಾಂಚೈಸಿ ಓನರ್ ಜೊತೆ ಕೂತು ಲೆಕ್ಕ ಹಾಕಿದೆ. ಕಂಪನಿಯ ಹೆಸರು ಬಳಸುವುದಕ್ಕೆ ನಾವು ರಾಯಲ್ಟಿ ಕಟ್ಟುವುದು ಬಿಲ್ಲಿನ ಮೇಲೆ, ಲಾಭದ ಮೇಲಲ್ಲ. ಅದರ ಮೇಲೆ ಮಾರ್ಕೆಟಿಂಗ್ ಫಂಡ್. ಔಷಧಿಯನ್ನೂ ಕಂಪನಿಯಿಂದಲೇ ಕೊಳ್ಳಬೇಕು, ಅವರು ಹೇಳಿದ ರೇಟಿಗೆ. ಹೆಡ್ ಆಫೀಸ್ ತಾನೇ ಕೊಟೇಶನ್ ಹಾಕುವಾಗ ಈ ಯಾವ ಖರ್ಚೂ ಇಲ್ಲ. ಲೋಕಲ್ ಪಾರ್ಟಿಗಳ ಜೊತೆ, ಆ್ಯಪ್‌ಗಳ ಜೊತೆ ಪೈಪೋಟಿ ಮಾಡಿ ನಮಗೆ ಅಭ್ಯಾಸ. ನಮ್ಮಿಂದಲೇ ದುಡ್ಡು ತೆಗೆದುಕೊಂಡು ನಮ್ಮ ಗ್ರಾಹಕರ ಮುಂದೆಯೇ ಕಡಿಮೆ ರೇಟು ಹಾಕುವವರ ಜೊತೆ ಗೆಲ್ಲುವುದು ಹೇಗೆ?

ಅಮೆರಿಕದಲ್ಲಿ ಫ್ರಾಂಚೈಸಿ ಕೊಡುವವರು ಸಹಿಗೆ ಕನಿಷ್ಠ 14 ದಿನ ಮುಂಚೆ ಒಂದು ದಾಖಲೆ ಕೈಗೆ ಕೊಡಬೇಕು. ಅದರಲ್ಲಿ 12ನೇ ಅಂಶ ಟೆರಿಟರಿಗೇ ಮೀಸಲು. ನಿಮ್ಮ ಏರಿಯಾದಲ್ಲಿ ಕಂಪನಿ ಬೇರೆ ದಾರಿಯಿಂದ ಮಾರುವ ಹಕ್ಕು ಇಟ್ಟುಕೊಂಡಿದ್ದರೆ ಅಲ್ಲಿ ಹೇಳಿರಲೇಬೇಕು. ನಮ್ಮಲ್ಲಿ ಫ್ರಾಂಚೈಸಿಗೆ ಅಂತಲೇ ಬೇರೆ ಕಾನೂನಿಲ್ಲ. 1872ರ ಕರಾರು ಕಾಯ್ದೆ ಇದೆ, ನಾವು ಸಹಿ ಹಾಕಿದ ಕಾಗದ ಇದೆ. 2002ರ ಸ್ಪರ್ಧಾ ಕಾಯ್ದೆ ಇಡೀ ಮಾರುಕಟ್ಟೆಯ ಸ್ಪರ್ಧೆ ಕೆಡುತ್ತಿದೆಯಾ ಅಂತ ನೋಡುತ್ತೆ. ಒಂದು ಅಪಾರ್ಟ್‌ಮೆಂಟಿನ ಕೊಟೇಶನ್ ಹಿಡಿದುಕೊಂಡು ಅಲ್ಲಿಗೆ ಹೋಗೋಕಾಗಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಅಪಾರ್ಟ್‌ಮೆಂಟಿನಿಂದ ವಾರಂಟಿ ಕಂಪ್ಲೇಂಟ್ ಬಂತು. ಸಿಸ್ಟಮ್ ಪಿನ್‌ಕೋಡ್ ನೋಡಿ ಟಿಕೆಟನ್ನು ನಮಗೇ ಹಾಕಿತು. ಹೋಗಿ ಸ್ಕರ್ಟಿಂಗ್ ಪಕ್ಕ ಟೇಪ್ ಹಿಡಿದೆ. ತೂತಿಗೂ ತೂತಿಗೂ ಎರಡಡಿಗಿಂತ ಜಾಸ್ತಿ. ನಮ್ಮ ಹುಡುಗರು ಮಧ್ಯೆ ಮತ್ತೆ ಡ್ರಿಲ್ ಮಾಡಿ, ಔಷಧಿ ಬಿಟ್ಟು, ಸಿಮೆಂಟ್ ಮೆತ್ತಿ ಬಂದರು. ಅವರ ಕೂಲಿ, ಔಷಧಿ ಎಲ್ಲ ನಮ್ಮ ಖರ್ಚು. ಸಿಟ್ಟು ಬಂದಿದ್ದು ದುಡ್ಡಿಗಿಂತ ಹೆಚ್ಚಾಗಿ ಇನ್ನೊಂದಕ್ಕೆ. ನೆಲಮಹಡಿಯ ಒಬ್ಬ ಅಜ್ಜಿ ಹೊಸದಾಗಿ ಹಾಕಿಸಿದ ಬಾಗಿಲಿಗೂ ಗೆದ್ದಲು ಹತ್ತಿತ್ತು. "ನಿಮ್ಮ ಕಂಪನಿಯವರೇ ತಾನೇ ಮಾಡಿದ್ದು?" ಅಂದರು. ಹೌದು ಅಂದೆ.

ಫ್ರಾಂಚೈಸಿ ತಗೊಳ್ಳೋಣವಾ ಅಂತ ಕೇಳುವವರಿಗೆ ಈಗ ನಾನು ರಾಯಲ್ಟಿ ಎಷ್ಟು ಅಂತ ಮೊದಲು ಕೇಳಲ್ಲ. ನಿಮ್ಮ ಪಿನ್‌ಕೋಡಿನಲ್ಲಿ ಬೇರೆ ಯಾರು ಯಾರು ಕೊಟೇಶನ್ ಹಾಕಬಹುದು, ಅವರು ಮಾಡಿದ ಕೆಲಸ ಕೆಟ್ಟರೆ ರಿಪೇರಿ ಖರ್ಚು ಯಾರದು, ಇವೆರಡು ಅಗ್ರಿಮೆಂಟಿನ ಯಾವ ಪುಟದಲ್ಲಿದೆ ತೋರಿಸಿ ಅಂತೀನಿ. ನಮ್ಮ ರಿನ್ಯೂವಲ್ ಹತ್ತಿರ ಬಂದಿದೆ. ಹೆಡ್ ಆಫೀಸ್ ಮಾಡಿದ ಕೆಲಸಕ್ಕೆ ವಾರಂಟಿ ಕಾಲ್ ಬಂದರೆ ವಿಸಿಟ್‌ಗೆ ಇಷ್ಟು, ಔಷಧಿಗೆ ಇಷ್ಟು ಅಂತ ಬರೆದು ಕೊಟ್ಟರೆ ಮಾತ್ರ ಸಹಿ ಅಂತ ಓನರ್ ಹೇಳಿ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.